ಎಣ್ಣೆ ಕುಡಿಯುವ ಗಾಡಿಯೂ ಬೆಟ್ಟಸ್ವಾಮಿಯ ಬಲಗೈಯೂ

ಶೆಟ್ಟಿಕೆರೆ ಬಸ್ ಸ್ಟಾಪಿನ ಎದುರು ತಗಡಿನ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್ ಬೆಟ್ಟಸ್ವಾಮಿಯ ಬಗ್ಗೆ ಆ ಸುತ್ತಿನಲ್ಲಿ ಎರಡು ಮಾತಿದ್ದವು. ಇಂಜಿನ್ನಿನ ವಿಚಾರದಲ್ಲಿ ಅವನು ಹೇಳಿದ್ದೇ ವೇದ. ಮನುಷ್ಯರ ವಿಚಾರದಲ್ಲಿ ಅವನ ಕೈ ಮೊದಲು, ಬಾಯಿ ಆಮೇಲೆ. ಎರಡೂ ನಿಜವೇ. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿ ಟ್ರ್ಯಾಕ್ಟರ್ ಓಡಿಸಿ, ಪಂಪು ಯಾಕೋ ಕೆಟ್ಟುಹೋಯ್ತು ಅಂತ ಅಮಾಯಕನ ಹಾಗೆ ಬಂದು ನಿಂತ ಡ್ರೈವರೊಬ್ಬನ ಮುಂದಿನ ಹಲ್ಲು ಇವನ ಶೆಡ್ಡಿನ ನೆಲದ ಮೇಲೆ ಬಿದ್ದಿತ್ತು. ಆ ಕೇಸು ಇನ್ನೂ ಕೋರ್ಟಿನಲ್ಲಿದೆ.

ಹೊಡೆತ ಅವನಿಗೆ ತಾಯಿಹಾಲಿನ ಹಾಗೆ ಬಂದದ್ದು. ಅಪ್ಪ ದೊಡ್ಡರಂಗಯ್ಯ ಕಂದಿಕೆರೆಯಲ್ಲಿ ಕಾಯಿ ಸುಲಿಯುತ್ತಿದ್ದ. ನೆಲಕ್ಕೆ ಹೂತ ಕಬ್ಬಿಣದ ಸಲಾಕೆಗೆ ಕಾಯಿ ಕುಕ್ಕಿ, ಮೂರೇ ತಿರುವಿಗೆ ಮಟ್ಟೆ ಕಳಚಿ ಎಸೆಯುವ ಕೈ. ದಿನಕ್ಕೆ ಸಾವಿರ ಕಾಯಿ ಸುಲಿದು ಬಂದ ಮೇಲೂ ಆ ಕೈಯಲ್ಲಿ ಇನ್ನಷ್ಟು ಕಸುವು ಉಳಿದಿರುತ್ತಿತ್ತು, ಅದು ಮಗನ ಬೆನ್ನಿಗೆ ಮೀಸಲು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೆಟ್ಟಸ್ವಾಮಿ ಬೀಸಿ ಬಂದ ತೆಂಗಿನ ಗರಿಯ ಹೆಡೆಮಟ್ಟೆಯನ್ನು ಗಾಳಿಯಲ್ಲೇ ಹಿಡಿದು, ಅಪ್ಪನ ಹೆಗಲ ಮೇಲೆ ಎರಡು ತುಂಡಾಗುವ ಹಾಗೆ ಬಾರಿಸಿ ಊರು ಬಿಟ್ಟ. ಯಾರನ್ನೋ ಹಿಡಿದು ಶಾರ್ಜಾ ಸೇರಿದ. ಅಪ್ಪ ಸತ್ತಾಗಲೂ ಬರಲಿಲ್ಲ.

ಶಾರ್ಜಾದಲ್ಲಿ ಸಿಕ್ಕಿದ್ದು ಒಂದು ವಿಚಿತ್ರ ಗ್ಯಾರೇಜು. ಅಲ್ಲಿ ಬರುತ್ತಿದ್ದದ್ದು ಜಪಾನಿನ ಹಳೇ ರೋಟರಿ ಗಾಡಿಗಳು ಮಾತ್ರ. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಮೈ, ಕಿರುಚುವ ಸದ್ದು. ಅವುಗಳ ಇಂಜಿನ್ನಿನಲ್ಲಿ ಪಿಸ್ಟನ್ ಇಲ್ಲ. ಅದರ ಬದಲು, ಮಟ್ಟೆಸಮೇತ ತೆಂಗಿನಕಾಯಿಯನ್ನು ಅಡ್ಡಕ್ಕೆ ಕುಯ್ದರೆ ಕಾಣುವ ಮೂರು ಏಣಿನ ಆಕಾರ ಇದೆಯಲ್ಲ, ಅಂಥದೊಂದು ಉಕ್ಕಿನ ತಿರುಗಣೆ ಗೂಡಿನೊಳಗೆ ಸುತ್ತುತ್ತದೆ. ಮೂರು ಏಣಿಗೂ ಕಡ್ಡಿಯಷ್ಟು ದಪ್ಪದ ಒಂದೊಂದು ಸೀಲು. ಆ ಸೀಲು ಗೂಡಿನ ಗೋಡೆಗೆ ಸದಾ ಉಜ್ಜಿಕೊಂಡೇ ಓಡಬೇಕು, ಅದಕ್ಕೆ ಇಂಜಿನ್ನು ತನ್ನ ಎಣ್ಣೆಯನ್ನು ತಾನೇ ಹನಿಹನಿಯಾಗಿ ಒಳಗೆ ಬಿಟ್ಟುಕೊಂಡು ಪೆಟ್ರೋಲಿನ ಜೊತೆ ಸುಟ್ಟುಬಿಡುತ್ತದೆ. ಕೆಟ್ಟು ಕುಡಿಯುವುದಲ್ಲ, ಅದರ ಹುಟ್ಟುಗುಣವೇ ಅದು. ಎಣ್ಣೆ ನಿಂತರೆ ಸೀಲು ಸಾಯುತ್ತದೆ, ಸೀಲು ಸತ್ತರೆ ಇಂಜಿನ್ನು ಸಾಯುತ್ತದೆ. ಇದನ್ನು ಕಲಿಸಿದ ಉಸ್ತಾದ್ ಒಂದು ಸೀಲು ಕೈಜಾರಿದರೆ ಸ್ಪ್ಯಾನರಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದ. ಎಂಟು ವರ್ಷದಲ್ಲಿ ಬೆಟ್ಟಸ್ವಾಮಿ ಕಣ್ಣು ಕಟ್ಟಿದರೂ ಸೀಲು ಕೂರಿಸುವಂತಾದ.

ವಾಪಸು ಬಂದವನು ಗಂಗಲಕ್ಷ್ಮಿಯನ್ನು ಮದುವೆಯಾದ. ಅವಳು ಕೊಬ್ಬರಿ ಒಡೆಯುವ ಕೆಲಸದವಳು. ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನ ಹಿಂಬದಿಯಿಂದ ತಟ್ಟಿ, ಒಳಗಿನ ಉಂಡೆ ಕೊಬ್ಬರಿಗೆ ಒಂದು ಗೀರೂ ಬೀಳದ ಹಾಗೆ ತೆಗೆಯುವುದು ಅವಳ ಕಸುಬು. ಮದುವೆಯಾದ ಮೂರನೆಯ ತಿಂಗಳು, ಸಾರಿಗೆ ಉಪ್ಪು ಹೆಚ್ಚಾಯಿತೆಂದೋ ಏನೋ, ಅವನು ಅವಳ ಕೆನ್ನೆಗೆ ಬಾರಿಸಿದ. ಅವಳು ಅಳಲಿಲ್ಲ. ಮೂಲೆಯಲ್ಲಿದ್ದ ಮಚ್ಚು ತೆಗೆದುಕೊಂಡು ಹಿಂಬದಿಯಿಂದ ಅವನ ಮೊಳಕೈಗೆ ಒಂದೇ ಏಟು ಹಾಕಿ, ಇನ್ನೊಂದು ಸಲ ಕೈ ಎತ್ತಿದರೆ ಮುಂಬದಿ ಅಂದಳು. ಹದಿನೈದು ದಿನ ಕೈ ಎತ್ತಲಾಗಲಿಲ್ಲ. ಆಮೇಲೆ ಅವಳ ಮೇಲೆ ಎತ್ತಲೂ ಇಲ್ಲ.

ಶೆಟ್ಟಿಕೆರೆಯಲ್ಲಿ ರೋಟರಿ ಗಾಡಿ ಯಾರು ತರುತ್ತಾರೆ? ಅವನ ವಿದ್ಯೆ ಆರು ವರ್ಷ ಪಂಪ್‌ಸೆಟ್ಟು, ಟಿಲ್ಲರುಗಳ ನಡುವೆ ಮಣ್ಣುಪಾಲಾಗಿ ಬಿದ್ದಿತ್ತು. ಅಷ್ಟರಲ್ಲಿ ತಿಪಟೂರಿನ ಕೊಬ್ಬರಿ ಮಂಡಿಯ, ಎಣ್ಣೆ ಗಾಣದ ಕರಿಬಸವಯ್ಯನವರ ಒಬ್ಬನೇ ಮಗ ಜ್ಞಾನೇಶ್ ಒಂದು ಹಳದಿ ಗಾಡಿ ತಂದ. ಪರದೇಶದಿಂದ ಊರಿಗೆ ಮರಳಿದ ಯಾರೋ ಮನೆಸಾಮಾನಿನ ಜೊತೆ ತಂದು, ಸಾಕಾಗಿ ಬೆಂಗಳೂರಿನಲ್ಲಿ ಮಾರಿದ್ದು. ಅದು ಶೆಡ್ಡಿನ ಮುಂದೆ ನಿಂತು ಉಸಿರುಬಿಟ್ಟ ದಿನ ಬೆಟ್ಟಸ್ವಾಮಿ ಕೈ ತೊಳೆದುಕೊಂಡು ಬಂದು ಬಾನೆಟ್ ಮುಟ್ಟಿದ. ಒಳಗಿನ ಒತ್ತಡ ಅಳೆದು ನೋಡಿ, ಇಂಜಿನ್ನಿಗೆ ಅರ್ಧ ಆಯಸ್ಸು ಕಳೆದಿದೆ, ನಾಜೂಕಾಗಿ ನೋಡಿಕೊಂಡರೆ ಇನ್ನರ್ಧ ಸಿಗುತ್ತದೆ ಅಂದ. ತಣ್ಣಗಿರುವಾಗ ಆಕ್ಸಿಲರೇಟರ್ ಒದೆಯಬಾರದು. ಶೆಡ್ಡಿನಿಂದ ಬಿಸಿಲಿಗೆ ತರಲೆಂದು ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡಬಾರದು, ಪೆಟ್ರೋಲಿನಲ್ಲಿ ಮುಳುಗಿ ಮತ್ತೆ ಏಳುವುದಿಲ್ಲ. ಬಿಸಿಯಾದ ಮೇಲೆ ವಾರಕ್ಕೊಂದು ಸಲ ಅದು ಕಿರುಚುವಷ್ಟು ಓಡಿಸಲೇಬೇಕು. ಎಲ್ಲಕ್ಕಿಂತ ಮುಖ್ಯ, ಎಣ್ಣೆ. ಹದಿನೈದು ದಿನಕ್ಕೊಮ್ಮೆ ತಾನೇ ಮನೆಗೆ ಬಂದು ನೋಡಿ ಹಾಕುತ್ತೇನೆ ಅಂದ. ಜ್ಞಾನೇಶ್ ಪಾಠ ಒಪ್ಪಿಸುವ ಹುಡುಗನ ಹಾಗೆ ತಲೆಯಾಡಿಸಿದ.

ಒಪ್ಪದವರು ಕರಿಬಸವಯ್ಯ. ನಲವತ್ತು ವರ್ಷ ಎಣ್ಣೆಯ ನಡುವೆ ಬದುಕಿದ ಮನುಷ್ಯ. ಅವರ ಲೆಕ್ಕದಲ್ಲಿ ಎಣ್ಣೆ ಎರಡೇ ದಾರಿಯಲ್ಲಿ ಮಾಯವಾಗುತ್ತದೆ, ತೂತು ಇರಬೇಕು, ಇಲ್ಲವೇ ಕಳ್ಳ ಇರಬೇಕು. ಜಗಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತು, ಬೆಟ್ಟಸ್ವಾಮಿ ಕ್ಯಾನು ಬಗ್ಗಿಸುವುದನ್ನು ನಾಲ್ಕು ಸಲ ನೋಡಿದರು. ಗಾಡಿಯ ಅಡಿ ಬಗ್ಗಿ ನೋಡಿದರು, ಒಂದು ತೊಟ್ಟೂ ಸೋರಿರಲಿಲ್ಲ. ಐದನೆಯ ಸಲ ಅವನನ್ನು ಗೇಟಿನಲ್ಲೇ ನಿಲ್ಲಿಸಿ, ಇನ್ನು ನೀನು ಬರುವುದು ಬೇಡ, ಎಣ್ಣೆ ಹಾಕುವುದು ನಮಗೂ ಬರುತ್ತದೆ ಅಂದರು. ಕಳ್ಳ ಅನ್ನಲಿಲ್ಲ, ಆದರೆ ಕಣ್ಣಲ್ಲಿ ಅಂದರು. ಬೆಟ್ಟಸ್ವಾಮಿಯ ಕೈ ಮುಷ್ಟಿಯಾಯಿತು. ಹಿರಿಯರು, ಹಣೆಯಲ್ಲಿ ವಿಭೂತಿ ಇದೆ ಅಂತ ನುಂಗಿಕೊಂಡು ಬಂದ. ಜ್ಞಾನೇಶನಿಗೆ ಫೋನು ಮಾಡಿ, ಇನ್ನು ಎಣ್ಣೆ ನಿನ್ನ ತಲೆಯ ಮೇಲೆ ಅಂತ ಹೇಳಿದ.

ಜ್ಞಾನೇಶ್ ನೋಡಿಯೇ ನೋಡಿದ. ಮೂರು ತಿಂಗಳು, ವಾರಕ್ಕೊಮ್ಮೆ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಎಣ್ಣೆ ತುಂಬಿದ್ದು ತುಂಬಿದ ಹಾಗೇ ಇತ್ತು. ಅವನು ಒಂದು ಹನಿ ಹಾಕಿರಲಿಲ್ಲ. ಕುಡಿಯುತ್ತದೆ ಎಂದಿದ್ದ ಗಾಡಿ ಬೆಟ್ಟಸ್ವಾಮಿ ಬರುವುದು ನಿಂತ ಕೂಡಲೇ ಕುಡಿಯುವುದನ್ನು ಬಿಟ್ಟಿತೇ? ಹಾಗಾದರೆ ಅಪ್ಪ ಹೇಳಿದ್ದೇ ಸರಿ ಅಂತ ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಡಿಸೆಂಬರಿನ ಒಂದು ಚಳಿ ಬೆಳಗ್ಗೆ ಅವನು ನೊಣವಿನಕೆರೆಗೆ ಹೊರಟ. ಅಲ್ಲಿ ಅವನಿಗೆ ಗೊತ್ತು ಮಾಡಿದ್ದ ಹುಡುಗಿಯ ಮನೆ. ಆ ಮನೆಯ ಮುಂದೆ, ಭಾವಮೈದುನರು ಆಗುವವರೆಲ್ಲ ಗಾಡಿ ನೋಡಲು ನಿಂತಿದ್ದಾಗ, ಇಂಜಿನ್ನು ಒಳಗೆ ಏನೋ ಕಡಿದ ಸದ್ದು ಮಾಡಿ ನಿಂತುಹೋಯಿತು. ಹತ್ತು ಜನ ತಳ್ಳಿದರು. ಬೀದಿಯೇ ನಕ್ಕಿತು. ಕೊನೆಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸಿಕೊಂಡು, ತಿಪಟೂರಿನ ಪೇಟೆಯ ನಡುವೆಯೇ ಹಾದು, ಹನ್ನೊಂದು ಗಂಟೆಗೆ ಶೆಟ್ಟಿಕೆರೆಗೆ ತಂದ. ಹಿಂದೆ ಜೀಪಿನಲ್ಲಿ ಮಂಡಿಯ ಇಬ್ಬರು ಹಮಾಲಿಗಳಿದ್ದರು.

ಬೆಟ್ಟಸ್ವಾಮಿ ಕೈಯಿಂದ ಇಂಜಿನ್ನು ತಿರುಗಿಸಿ ನೋಡಿದ. ಎಲ್ಲೂ ಹಿಡಿತವಿಲ್ಲ. ಸೀಲು ಮುರಿದಿದೆ ಅಂತ ಆ ಕ್ಷಣಕ್ಕೇ ಗೊತ್ತಾಯಿತು, ಗೊತ್ತಾದ ಕೂಡಲೇ ಕಣ್ಣು ಕತ್ತಲೆಗಟ್ಟಿತು. ಆರು ವರ್ಷದ ಮೇಲೆ ಸಿಕ್ಕಿದ್ದ ಒಂದೇ ಗಾಡಿ. ಬಾಯಿ ತೆರೆಯುವ ಮೊದಲೇ ಕೈ ಹೋಯಿತು. ಬಸ್ಸಿಗೆ ಕಾಯುತ್ತಿದ್ದ ಇಪ್ಪತ್ತು ಜನರೆದುರು ಜ್ಞಾನೇಶನ ಕೆನ್ನೆಗೆ ಬಿದ್ದ ಏಟಿಗೆ ಅವನ ಕನ್ನಡಕ ಚರಂಡಿಗೆ ಹಾರಿತು.

"ಎಣ್ಣೆ ಹಾಕ್ದೆ ಕೊಂದ್ಬುಟ್ಟೆ ಕಣ್ಲಾ," ಅಂದ ಬೆಟ್ಟಸ್ವಾಮಿ.

ಜ್ಞಾನೇಶ್ ಕಡ್ಡಿ ಎಳೆದು ಅವನ ಮುಖಕ್ಕೆ ಹಿಡಿದ. ಎಣ್ಣೆ ಪೂರ್ತಿ ಇತ್ತು. ಹೊಡೆದದ್ದು ತಪ್ಪಾಯಿತೇನೋ ಎಂದು ಬೆಟ್ಟಸ್ವಾಮಿ ಯೋಚಿಸುತ್ತಿದ್ದಾಗಲೇ ಹಮಾಲಿಗಳು ಮೈಮೇಲೆ ಬಿದ್ದರು. ಕೊಬ್ಬರಿ ಮೂಟೆ ಹೊತ್ತು ಬೆಳೆದ ತೋಳುಗಳು. ಮೊದಲ ಗುದ್ದು ಪಕ್ಕೆಗೆ, ಎರಡನೆಯದು ಬಾಯಿಗೆ. ಅವನೂ ಒಬ್ಬನ ಮೂಗಿಗೆ ತಲೆಯಿಂದ ಗುದ್ದಿ ರಕ್ತ ಬರಿಸಿದ, ಆದರೆ ಇನ್ನೊಬ್ಬ ಹಿಂದಿನಿಂದ ಜ್ಯಾಕಿನ ರಾಡು ಬೀಸಿದಾಗ ಮಂಡಿ ಕುಸಿಯಿತು. ಬಸ್ ಸ್ಟಾಪಿನವರು ನೋಡುತ್ತ ನಿಂತಿದ್ದರು. ಊರಿಗೆಲ್ಲ ಹೊಡೆದವನಿಗೆ ಯಾರಾದರೂ ಹೊಡೆಯುವಾಗ ಬಿಡಿಸಲು ಬರುವವರು ಕಡಿಮೆ.

ಅವನನ್ನು ಶೆಡ್ಡಿನೊಳಕ್ಕೆ ಎಳೆದುಕೊಂಡು ಹೋದರು. ಬೆಂಚಿಗೆ ಬಿಗಿದ ವೈಸು ಇತ್ತು, ಕಬ್ಬಿಣದ ಎರಡು ದವಡೆಗಳ ನಡುವೆ ಸಾಮಾನು ಇಟ್ಟು ಹಿಡಿ ತಿರುಗಿಸಿದರೆ ಕಚ್ಚಿ ಹಿಡಿಯುವಂಥದು. ಒಳ್ಳೆಯ ಸೀಲು ಕದ್ದು ಕೆಟ್ಟದ್ದು ಹಾಕಿದ್ದೀಯ, ಎಣ್ಣೆ ಕದ್ದವನು ಸೀಲು ಬಿಡುತ್ತೀಯಾ ಅಂತ ಜ್ಞಾನೇಶ್ ಕೇಳುತ್ತಲೇ ಇದ್ದ. ಬೆಟ್ಟಸ್ವಾಮಿಯ ಬಲಗೈ ಬೆರಳುಗಳನ್ನು ದವಡೆಯ ನಡುವೆ ಇಡಿಸಿದ. ಹಿಡಿ ತಿರುಗಿಸಿದ್ದು ಜ್ಞಾನೇಶನೇ, ಹಮಾಲಿಗಳಲ್ಲ. ಒಂದು ಸುತ್ತು, ಎರಡು ಸುತ್ತು. ತೋರುಬೆರಳೂ ನಡುಬೆರಳೂ ಒಣ ಚಿಪ್ಪಿನ ಹಾಗೆ ಚಟ್ ಅಂದವು. ಬೆಟ್ಟಸ್ವಾಮಿ ಕೂಗಿದ್ದು ರಸ್ತೆಯಾಚೆಯ ಹೋಟೆಲಿಗೂ ಕೇಳಿಸಿತಂತೆ.

"ನಾಳೆ ಸಂಜೆ ಐದ್ ಗಂಟೆಗೆ ಬತ್ತೀನಿ. ಇಂಜಿನ್ ಬಿಚ್ಚಿಟ್ಟಿರ್ಬೇಕು. ಕದ್ದಿಲ್ಲ ಅಂತ ನನ್ ಕಣ್ಣಿಗೆ ಕಾಣ್ಬೇಕು. ಕಾಣ್ಲಿಲ್ವಾ, ಎಡಗೈ," ಅಂದು ಜ್ಞಾನೇಶ್ ಕನ್ನಡಕವಿಲ್ಲದೆ ಎಡವುತ್ತ ಜೀಪು ಹತ್ತಿದ.

ತಿಪಟೂರಿನ ಆಸ್ಪತ್ರೆಯಲ್ಲಿ ಎರಡು ಬೆರಳಿಗೂ ಪಟ್ಟಿ ಬಿಗಿದು ಕಟ್ಟಿದರು. ಪಕ್ಕೆಯಲ್ಲಿ ಒಂದು ಎಲುಬು ಬಿರುಕು ಬಿಟ್ಟಿತ್ತು. ಪೋಲೀಸಿಗೆ ಹೋಗೋಣ ಅಂತ ಗಂಗಲಕ್ಷ್ಮಿ ಹಟ ಹಿಡಿದಳು. ಹಲ್ಲು ಮುರಿದ ಕೇಸಿನವನು ಬೆರಳು ಮುರಿಸಿಕೊಂಡು ಬಂದಿದ್ದಾನೆ ಅಂತ ಅಲ್ಲಿ ನಗುತ್ತಾರೆ, ಮೊದಲ ಏಟು ಹಾಕಿದ್ದೂ ನಾನೇ ಅಂದ ಬೆಟ್ಟಸ್ವಾಮಿ. ಓಡಿಹೋಗೋಣ ಅಂದಳು. ಅದಕ್ಕೂ ಒಪ್ಪಲಿಲ್ಲ. ಓಡಿದರೆ ಕದ್ದದ್ದು ನಿಜವಾಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಇನ್ನು ಎಣ್ಣೆಗೆ ಹೋದ ಮಾನ ಯಾವುದರಿಂದ ಬರುತ್ತದೆ? ಅದಲ್ಲದೆ ಎಣ್ಣೆ ತುಂಬಿದ್ದ ಇಂಜಿನ್ನು ಎಣ್ಣೆ ಇಲ್ಲದೆ ಸತ್ತದ್ದು ಹೇಗೆ ಅನ್ನುವುದು ನೋವಿಗಿಂತ ಹೆಚ್ಚಾಗಿ ಅವನನ್ನು ಕೊರೆಯುತ್ತಿತ್ತು.

ಬಿಚ್ಚುವವರು ಯಾರು? ಒಂದು ಕೈ ಹೋಗಿತ್ತು. ಮಾರನೆಯ ದಿನ ಬೆಳಗ್ಗೆ ಗಂಗಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೇಳಿ ಅಂದಳು. ಅವನು ಸ್ಟೂಲಿನ ಮೇಲೆ ಕೂತು ಹೇಳಿದ, ಅವಳು ಬಿಚ್ಚಿದಳು. ಸರಪಳಿ ಹಾಕಿ ಇಂಜಿನ್ನು ಎತ್ತಿದ್ದು, ಬೋಲ್ಟುಗಳಿಗೆ ಪೈಪು ತೊಡಿಸಿ ಜಗ್ಗಿದ್ದು, ಎಲ್ಲ ಅವಳೇ. ಒಂದು ಬೋಲ್ಟು ಬರಲಿಲ್ಲವೆಂದು ಅವಳು ಸುತ್ತಿಗೆ ಎತ್ತಿದಾಗ ಅವನು ಕೆಂಡವಾಗಿ ಬೈದ. ಅವಳು ಸುತ್ತಿಗೆ ಕೆಳಗಿಟ್ಟು, ಮನೆಗೆ ಹೋಗಿಬಿಡುತ್ತೇನೆ ನೋಡಿ ಅಂದಳು. ಅವನು ಸುಮ್ಮನಾದ. ಅವನ ಜೀವಮಾನದಲ್ಲಿ ಅಷ್ಟು ಹೊತ್ತು ಒಬ್ಬರ ಕೈಯನ್ನು ನೋಡುತ್ತ ಕೂತದ್ದು ಅದೇ ಮೊದಲು. ಚಿಪ್ಪಿನಿಂದ ಉಂಡೆ ತೆಗೆಯುವ ಕೈ ಅದು, ಎಷ್ಟು ಬಲ ಎಲ್ಲಿ ಬೇಕೆಂದು ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೂರು ಗಂಟೆಗೆ ಗೂಡು ತೆರೆಯಿತು. ಒಂದು ಸೀಲು ಮೂರು ತುಂಡಾಗಿ, ಗೋಡೆಯ ಮೇಲೆಲ್ಲ ನೇಗಿಲು ಹೊಡೆದ ಹಾಗೆ ಗೀಚಿತ್ತು. ಒಳಗೆ ಎಣ್ಣೆಯ ಪಸೆಯೇ ಇಲ್ಲ. ಬೆಟ್ಟಸ್ವಾಮಿ ಎಣ್ಣೆ ಹನಿಸುವ ಸಣ್ಣ ಕೊಳವೆಗಳನ್ನು ಬಿಚ್ಚಲು ಹೇಳಿದ. ದಾರದಷ್ಟು ಸಣ್ಣವು. ಅವಳು ಒಂದನ್ನು ಬಾಯಿಗಿಟ್ಟು ಊದಿದಳು, ಗಾಳಿ ಹೋಗಲಿಲ್ಲ. ತಂತಿ ತೂರಿಸಿದಾಗ ತುದಿಗೆ ಬೆಳ್ಳಗೆ ಮೇಣದಂಥದ್ದು ಹತ್ತಿಕೊಂಡು ಬಂತು. ಅವಳು ಅದನ್ನು ಬೆರಳಲ್ಲಿ ಹೊಸಕಿದಳು, ಕರಗಿತು. ಮೂಸಿದಳು. ತಿಪಟೂರು ಸೀಮೆಯಲ್ಲಿ ಹುಟ್ಟಿದ ಹೆಣ್ಣಿಗೆ ಆ ವಾಸನೆ ಯಾರು ಹೇಳಿಕೊಡಬೇಕು?

"ಕೊಬ್ಬರಿ ಎಣ್ಣೆ ಕಣ್ರೀ ಇದು," ಅಂದಳು.

ಬೆಟ್ಟಸ್ವಾಮಿ ಅವಳ ಬೆರಳು ಹಿಡಿದು ತಾನೂ ಮೂಸಿದ. ಆಮೇಲೆ ಇಂಜಿನ್ನಿನ ತಳದ ಸಂಪಿನಲ್ಲಿ ಉಳಿದಿದ್ದ ಎಣ್ಣೆ ಸುರಿಸಿ ನೋಡಿದ. ಕಪ್ಪಿನ ನಡುವೆ ಬಿಳಿ ಗರಣೆ ತೇಲುತ್ತಿತ್ತು. ಡಿಸೆಂಬರಿನಲ್ಲಿ ನಮ್ಮ ಕಡೆ ತಲೆಗೆ ಹಚ್ಚುವ ಬಾಟಲಿಯನ್ನೂ ಬಿಸಿಲಿಗಿಟ್ಟೇ ಹಚ್ಚಬೇಕು. ಅಂಥದ್ದನ್ನು ಇಂಜಿನ್ನಿಗೆ ಸುರಿದಿದ್ದಾರೆ, ಅದು ಚಳಿಗೆ ಹೆಪ್ಪುಗಟ್ಟಿ ಕೊಳವೆ ಕಟ್ಟಿದೆ. ಕಡ್ಡಿಗೆ ಎಣ್ಣೆ ತುಂಬಿದ್ದು ಕಂಡಿದೆ, ಸೀಲಿಗೆ ಒಂದು ಹನಿ ತಲುಪಿಲ್ಲ. ಯಾರು ಸುರಿದರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಐದಕ್ಕೆ ಸರಿಯಾಗಿ ಜೀಪು ಬಂತು. ಜ್ಞಾನೇಶ್, ಮೂಗಿಗೆ ಪ್ಲಾಸ್ಟರು ಹಾಕಿಕೊಂಡ ಹಮಾಲಿ, ಅವನ ಜೊತೆಗಾರ. ಸೀಲಿನ ಕಳ್ಳತನ ಬಯಲಾಗುವುದನ್ನು ಕಣ್ಣಾರೆ ನೋಡಬೇಕೆಂದು ಕರಿಬಸವಯ್ಯನವರೂ ಬಿಳಿ ಪಂಚೆ ಎತ್ತಿಕೊಂಡು ಇಳಿದರು. ಮುರಿದ ಸೀಲಿನ ತುಂಡುಗಳನ್ನೂ ಆ ಕೊಳವೆಗಳನ್ನೂ ಬೆಟ್ಟಸ್ವಾಮಿ ಒಂದು ತಟ್ಟೆಯಲ್ಲಿಟ್ಟು ಮುಂದೆ ತಳ್ಳಿದ. ಗಂಗಲಕ್ಷ್ಮಿ ತಂತಿ ತೂರಿಸಿ ಬಿಳಿಯದನ್ನು ತೆಗೆದು ಜ್ಞಾನೇಶನ ಅಂಗೈಗೆ ಒರೆಸಿದಳು.

ಜ್ಞಾನೇಶ್ ಮೂಸಿ ನೋಡಿ, ನಿಧಾನವಾಗಿ ಅಪ್ಪನ ಕಡೆ ತಿರುಗಿದ.

ಕರಿಬಸವಯ್ಯ ಮುಚ್ಚಿಡುವ ಮನುಷ್ಯರಲ್ಲ. "ಹೂಂ, ನಾನೇ ಹಾಕಿದ್ದು. ಕುಡೀತದೆ ಅಂದ್ರೆ ಒಳ್ಳೇದ್ನೇ ಕುಡೀಲಿ ಅಂತ ನಮ್ ಗಾಣದ್ದೇ ಹಾಕ್ದೆ. ಚಳಿ ಬಿದ್ಮೇಲೆ ಬಿಸಿ ಮಾಡೇ ಹಾಕಿವ್ನಿ ಕಣಪ್ಪ," ಅಂದರು. ಮೂರು ತಿಂಗಳು, ಮಗ ಏಳುವ ಮೊದಲು, ತಂಬಿಗೆಯಲ್ಲಿ. ಹಸುಳೆಗೆ ಹಾಲು ಹೊಯ್ದ ಹಾಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದದ್ದು ಆಗಿಹೋಗಿತ್ತು. ಅದನ್ನು ಎಳೆದ ಕೈ ಈಗ ಏನು ಮಾಡಬೇಕು? ತಪ್ಪಾಯಿತು ಅನ್ನಬಹುದಿತ್ತು. ಜ್ಞಾನೇಶನಿಗೆ ಆ ಮಾತು ಬಾಯಿಗೆ ಬರಲಿಲ್ಲ. ಅವನು ಅಪ್ಪನ ರಟ್ಟೆ ಹಿಡಿದು ದರದರ ಎಳೆದು, ಆ ಎಪ್ಪತ್ತು ವರ್ಷದ ಮುದುಕನ ಬಲಗೈಯನ್ನು ವೈಸಿನ ದವಡೆಯೊಳಗೆ ತುರುಕಿದ. ಹಮಾಲಿಗಳು ಅಯ್ಯೋ ಸ್ವಾಮಿ ಅಂತ ಮುಂದೆ ಬಂದರು. ಅವನು ಕೊರಡು ಎತ್ತಿ ಒಬ್ಬನ ಭುಜಕ್ಕೆ ಬಡಿದು ಇಬ್ಬರನ್ನೂ ಹಿಂದಕ್ಕಟ್ಟಿದ. ಮತ್ತೆ ಬೆಟ್ಟಸ್ವಾಮಿಯನ್ನು ನೋಡಿ ಹೇಳಿದ:

"ನೀನೇ ತಿರುಗ್ಸು. ಲೆಕ್ಕ ಸರಿಹೋಗ್ಲಿ."

ಬೆಟ್ಟಸ್ವಾಮಿ ಎದ್ದು ಬಂದ. ಎಡಗೈಯಲ್ಲಿ ಹಿಡಿ ಹಿಡಿದ. ಬೇಕೆನಿಸಿತು, ಸುಳ್ಳೇಕೆ? ಹಿಂದಿನ ದಿನದಿಂದ ಮೈಯ ಒಂದೊಂದು ಎಲುಬೂ ಇದನ್ನೇ ಕೇಳುತ್ತಿತ್ತು. ಗೇಟಿನಲ್ಲಿ ನಿಲ್ಲಿಸಿ ಕಣ್ಣಲ್ಲೇ ಕಳ್ಳ ಅಂದ ಮನುಷ್ಯನ ಕೈ ಇದು. ಅರ್ಧ ಸುತ್ತು ತಿರುಗಿಸಿದ. ದವಡೆ ಮುದುಕನ ಉಂಗುರಕ್ಕೆ ತಾಗಿತು. ಕರಿಬಸವಯ್ಯನವರ ಕಣ್ಣಲ್ಲಿ ನೀರಿತ್ತು, ಆದರೂ ಅವರ ಬಾಯಿಂದ ಬಂದದ್ದು ಬೇರೆಯೇ.

"ಎಣ್ಣೇಲಿ ಏನೂ ದೋಸ ಇಲ್ಲ ಕಣಪ್ಪ," ಅಂದರು.

ಬೆಟ್ಟಸ್ವಾಮಿಗೆ ನಗು ಬಂತು. ನಕ್ಕರೆ ಪಕ್ಕೆ ಚುಚ್ಚುತ್ತಿತ್ತು, ಆದರೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಮುದುಕನ ಕೈ ಬಿಡಿಸಿದ. ತೆರೆದ ದವಡೆಯನ್ನು ತೋರಿಸಿ ಜ್ಞಾನೇಶನಿಗೆ ನಿನ್ನದು ಇಡು ಅಂದ.

ಜ್ಞಾನೇಶ್ ಎರಡು ಹೆಜ್ಜೆ ಹಿಂದೆ ಸರಿದ. ಇನ್ನೊಬ್ಬನ ಕೈ ಇಟ್ಟಿದ್ದ, ಅಪ್ಪನ ಕೈಯನ್ನೂ ಇಟ್ಟ. ತನ್ನ ಕೈಯನ್ನು ಮಾತ್ರ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಬೆಟ್ಟಸ್ವಾಮಿ ಎಡಗೈಯಿಂದಲೇ ಅವನಿಗೆ ಒಂದು ಬಿಟ್ಟ. ಅಭ್ಯಾಸವಿಲ್ಲದ ಕೈ, ಏಟು ಕಿವಿಗೆ ಬಿತ್ತು. ಇನ್ನೊಂದು ಬಿಟ್ಟ. ಜ್ಞಾನೇಶ್ ತಡೆಯಲಿಲ್ಲ, ತಿರುಗಿ ಹೊಡೆಯಲಿಲ್ಲ, ಹಮಾಲಿಗಳೂ ಕದಲಲಿಲ್ಲ. ಮೂರನೆಯದಕ್ಕೆ ಬೆಟ್ಟಸ್ವಾಮಿಗೇ ಉಸಿರು ಸಾಲದೆ ಸ್ಟೂಲಿನ ಮೇಲೆ ಕುಸಿದು ಕೂತ.

ಜ್ಞಾನೇಶ್ ಕೆಂಪಾದ ಕಿವಿ ಉಜ್ಜಿಕೊಳ್ಳುತ್ತ ತೆರೆದ ಇಂಜಿನ್ನಿನ ಹತ್ತಿರ ಹೋಗಿ ಬಗ್ಗಿ ನೋಡಿದ. ಹೊಸ ಸೀಲು ತರಿಸಿದರೆ ಗಾಡಿ ಮತ್ತೆ ಓಡುತ್ತದೆಯೇ ಅಂತ ಕೇಳಿದ. ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು, ಆ ಸಂಕಟ ಗಾಡಿಯದ್ದು.

ಬೆಟ್ಟಸ್ವಾಮಿ ಪಟ್ಟಿ ಕಟ್ಟಿದ ಕೈ ಎತ್ತಿದ.

"ಸೀಲು ಸಿಕ್ತವೆ, ಗೂಡೂ ಸಿಕ್ತದೆ. ಸೀಲ್ನ ಸ್ಪ್ರಿಂಗ್ ಮೇಲೆ ಒತ್ತಿ ಕೂರ್ಸಕ್ಕೆ ಈ ಎರಡು ಬೆರಳು ಬೇಕು. ಇವು ಇನ್ನು ಮಡಚಲ್ಲ ಅಂದವ್ರೆ ಡಾಕ್ಟ್ರು."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಜ್ಞಾನೇಶನಿಗೆ ಯಾರೂ ಹೇಳಬೇಕಾಗಲಿಲ್ಲ. ಈ ಸೀಮೆಗೆಲ್ಲ ಆ ಇಂಜಿನ್ನು ಬಲ್ಲ ಕೈ ಒಂದೇ ಇತ್ತು. ಅವನು ಆ ಪಟ್ಟಿಯನ್ನು ಮೊದಲ ಸಲ ಕಂಡವನ ಹಾಗೆ ನೋಡಿದ. ಆಮೇಲೆ ಯಾರ ಮುಖವನ್ನೂ ನೋಡದೆ ಜೀಪು ಹತ್ತಿ, ಹಮಾಲಿಗಳು ಹತ್ತಿದ ಕೂಡಲೇ ಹೊರಟುಹೋದ. ಅಪ್ಪನನ್ನು ಕರೆಯಲಿಲ್ಲ. ಕರಿಬಸವಯ್ಯನವರು ಉಂಗುರದ ಬೆರಳು ನೀವಿಕೊಳ್ಳುತ್ತ ಶೆಡ್ಡಿನ ಬಾಗಿಲಲ್ಲಿ ನಿಂತೇ ಇದ್ದರು. ಕೊನೆಗೆ ಗಂಗಲಕ್ಷ್ಮಿ ಕೈ ಒರೆಸಿಕೊಂಡು, ಅವರನ್ನು ರಸ್ತೆ ದಾಟಿಸಿ, ತಿಪಟೂರಿನ ಬಸ್ಸು ಬರುವ ತನಕ ಜೊತೆಗೆ ನಿಂತುಕೊಂಡಳು.